ವೈರು ಮೆತ್ತಗಾದ ಜಾಗ

ನನ್ನ ಭಾವನಿಗೆ ವಿನಯ ಎಂಬ ಕಾಯಿಲೆ ಎಂದೂ ತಗುಲಿದ್ದಿಲ್ಲ. ಮೋಟಾರ್ ಸೈಕಲ್ಲಿನ ಕರೆಂಟಿನ ವಿಚಾರ ನಿಜವಾಗಿ ತಿಳಿದವರು ಈ ಊರಲ್ಲಿ ಇಬ್ಬರೇ ಎಂದು ಹೇಳಿಕೊಳ್ಳುತ್ತಿದ್ದರು. ಇನ್ನೊಬ್ಬರು ಯಾರು ಭಾವ ಎಂದು ಕೇಳಿದರೆ, "ಅದನ್ನೇ ನಾನೂ ಹುಡುಕ್ತಾ ಇದೀನಿ" ಎನ್ನುತ್ತಿದ್ದರು.

ಜಂಬ ಕೊಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಭಾವನ ವಿಷಯದಲ್ಲಿ ಮಾತ್ರ ಉರಿಯುವ ಅವಕಾಶವಿರಲಿಲ್ಲ. ಒಂದು, ಅವರು ಹೇಳುವುದು ಹೆಚ್ಚುಕಡಿಮೆ ನಿಜವಾಗಿತ್ತು. ಎರಡು, ನನ್ನ ಗಾಡಿ ಸದಾ ಅವರ ಅಂಗಡಿಯಲ್ಲೇ ಬಿದ್ದಿರುತ್ತಿತ್ತು.

ಅಂಗಡಿ ಎಂದರೆ ಅಕ್ಕನ ಮನೆಯ ಮುಂದಿನ ಕೋಣೆ. ಬೀದಿಯ ಕಡೆಗೆ ಷಟರ್, ಒಳಗಡೆಗೆ ಒಂದು ಪರದೆ, ಪರದೆಯಾಚೆ ಅಡುಗೆಮನೆ. ಗಾಡಿ ಒಳಗೆ ಹತ್ತಿಸಲು ಹೊಸ್ತಿಲಿಗೆ ಒಂದು ಹಲಗೆ. ಪೆಟ್ರೋಲಿನ ವಾಸನೆ ಅಡುಗೆಮನೆಗೂ ಈರುಳ್ಳಿ ಹುರಿಯುವ ವಾಸನೆ ಅಂಗಡಿಗೂ ಧಾರಾಳವಾಗಿ ಹೋಗಿಬಂದು ಮಾಡುತ್ತಿದ್ದವು. ಗೋಡೆಯ ಮೊಳೆಗಳಿಗೆ ಹಳೆಯ ವೈರಿನ ಕಟ್ಟುಗಳು ಜಡೆಗಳ ಹಾಗೆ ನೇತುಬಿದ್ದಿರುತ್ತಿದ್ದವು. ಬಟ್ಟೆ ಒಣಗಿಸಲು ಹಗ್ಗ ಸಾಲದಾದಾಗ ಅಕ್ಕ ಸದ್ದಿಲ್ಲದೆ ಒಂದು ಜಡೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗುವಳು. ಭಾವ ಸ್ಕ್ರೂಡ್ರೈವರ್ ಹಿಡಿದು ಅವಳ ಹಿಂದೆ ಓಡುವರು.

ಅವರು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು. ಜನ ರೇಡಿಯೋ ಕೇಳುವುದನ್ನು ಬಿಟ್ಟಾಗ, ಬಿಸಿ ಬೆಸುಗೆ ಕಡ್ಡಿಯನ್ನು ಹಿಡಿದುಕೊಂಡೇ ಮೋಟಾರ್ ಸೈಕಲ್ಲಿನ ಕಡೆಗೆ ತಿರುಗಿದರು. ನಮ್ಮ ಮನೆಗೆ ಮೊದಲ ಸಲ ಬಂದದ್ದು ಅಪ್ಪನ ಸ್ಕೂಟರಿನ ಹಾರ್ನು ನೋಡಲು. ಆ ಹಾರ್ನು ಇವತ್ತು ಸರಿಯಾದರೆ ನಾಳೆ ಕೆಡುತ್ತಿತ್ತು, ನಾಳೆ ಸರಿಯಾದರೆ ನಾಡಿದ್ದು. ಇಷ್ಟು ಹೆಸರುವಾಸಿ ಮನುಷ್ಯನಿಗೆ ಒಂದು ಹಾರ್ನು ಯಾಕೆ ಬಗ್ಗುತ್ತಿಲ್ಲ ಎಂದು ಅಪ್ಪ ತಲೆ ಕೆರೆದುಕೊಳ್ಳುತ್ತಿದ್ದರು. ನೀರಿನ ಲೋಟ ತಂದುಕೊಡುತ್ತಿದ್ದ ಅಕ್ಕನಿಗೆ ಮಾತ್ರ ಗೊತ್ತಿತ್ತು. ಮದುವೆಯಾದ ಮರುವಾರವೇ ಹಾರ್ನು ಗುಣವಾಯಿತು, ಮತ್ತೆಂದೂ ಕೆಡಲಿಲ್ಲ.

ಅವರ ಕೆಲಸದ ರೀತಿಯೇ ಬೇರೆ. ಉಳಿದವರು ಗಾಡಿ ಕೈಗೆ ಬಂದ ಕೂಡಲೇ ಸಾಮಾನು ಬದಲಾಯಿಸುತ್ತಾರೆ. ಪ್ಲಗ್ಗು ಬದಲಾಯಿಸು, ಕಾಯಿಲ್ ಬದಲಾಯಿಸು, ಬ್ಯಾಟರಿ ಬದಲಾಯಿಸು, ಯಾವುದಕ್ಕಾದರೂ ಗಾಡಿ ಬಗ್ಗೀತು. "ಅದು ರಿಪೇರಿ ಅಲ್ಲ, ವ್ಯಾಪಾರ" ಎನ್ನುತ್ತಿದ್ದರು ಭಾವ. ಅವರು ಮೊದಲು ಎರಡು ವೈರು ಕಟ್ಟಿದ ಪುಟ್ಟ ಬಲ್ಬೊಂದನ್ನು ಹಿಡಿದು ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ನೋಡುವರು. ಬಲ್ಬು ಬಾಯಿ ಬಿಡದಿದ್ದರೆ ಟ್ಯಾಂಕು ಇಳಿಸಿ, ಸೀಟು ಎತ್ತಿ, ವೈರಿನ ಕಟ್ಟನ್ನು ಬಿಚ್ಚಿ, ಕಣ್ಣು ಮುಚ್ಚಿ ಕೂತು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದೇ ವೈರನ್ನು ಹಿಸುಕುತ್ತ ಹೋಗುವರು. ಹೊರಗಿನ ಪ್ಲಾಸ್ಟಿಕ್ಕು ಹೊಳೆಯುತ್ತಲೇ ಇರುತ್ತದೆ, ಒಳಗೆ ತಾಮ್ರದ ಎಳೆಗಳು ತುಂಡಾಗಿರುತ್ತವೆ. ಕಣ್ಣಿಗೆ ಅದು ಕಾಣುವುದಿಲ್ಲ. ಬೆರಳಿಗೆ ತಿಳಿಯುತ್ತದೆ.

ಊಟಕ್ಕೆ ಕೂತಾಗ ತಟ್ಟೆಯಿಂದ ಬೀನ್ಸ್ ಎತ್ತಿ ಹಿಸುಕಿ ತೋರಿಸುವರು. "ನೋಡು, ಸರಿಯಾಗಿರೋ ವೈರು ಹಸಿ ಬೀನ್ಸ್ ಥರ, ಬೆರಳಿಗೆ ಎದುರು ನಿಲ್ಲುತ್ತೆ. ಒಳಗೆ ಮುರಿದಿರೋ ಜಾಗ ಬೆಂದ ಬೀನ್ಸ್ ಥರ. ಮೆತ್ತಗೆ ಕೂತುಬಿಡುತ್ತೆ."

"ಬೆಂದಿದ್ದನ್ನ ತಿನ್ನಿ ಮೊದಲು" ಎನ್ನುವಳು ಅಕ್ಕ. "ಹಿಸುಕಿ ಹಿಸುಕಿ ಇಡ್ತೀರಿ, ಆಮೇಲೆ ನಾನು ತಿನ್ನಬೇಕು."

ಹೀಗೆ ನಾಡಿ ಹಿಡಿದು ನೋಡುತ್ತಿದ್ದುದರಿಂದ ಬೀದಿಯವರು ಅವರಿಗೆ ನಾಡಿಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಭಾವನಿಗೆ ಅದು ಹುಟ್ಟಿದಾಗ ಇಟ್ಟ ಹೆಸರಿಗಿಂತ ಇಷ್ಟ.

ನನ್ನ ಗಾಡಿಯ ಕೊನೆಯ ರೋಗ ಶುರುವಾದದ್ದು ಕಚೇರಿಗೆ ಹೋಗುವ ದಾರಿಯಲ್ಲಿ. ಚಕ್ರ ಗುಂಡಿಗೆ ಇಳಿಯಿತು, ಎಂಜಿನ್ನು, ದೀಪ, ಹಾರ್ನು ಎಲ್ಲವೂ ಒಟ್ಟಿಗೆ ಸತ್ತವು. ನಾನು ಇಳಿದು, ತಿಳಿದವನ ಹಾಗೆ ಎಂಜಿನ್ನಿನ ಕಡೆ ಬಗ್ಗಿ ನೋಡಿ, ಏನೂ ತಿಳಿಯದೆ ಎದ್ದು ನಿಂತಾಗ ದೀಪ ತಾನಾಗಿ ಹೊತ್ತಿತ್ತು, ಕಿಕ್ ಹೊಡೆದರೆ ಗಾಡಿ ಬದುಕಿಕೊಂಡಿತು. ಮುಂದಿನ ಗುಂಡಿಯಲ್ಲಿ ಮತ್ತೆ ಸತ್ತಿತು. ಹೀಗೆ ಸಾಯುತ್ತ ಬದುಕುತ್ತ ಅಕ್ಕನ ಮನೆ ಸೇರಿದೆ.

"ಬಾರಪ್ಪ ಸಾಹಿತಿ" ಎಂದರು ಭಾವ. ನಾನು ಪತ್ರಿಕೆಗೆ ಆಗೀಗ ಏನಾದರೂ ಗೀಚುತ್ತೇನೆ ಎಂಬುದನ್ನು ಅವರು ಎಂದೂ ಕ್ಷಮಿಸಿರಲಿಲ್ಲ. "ನಿನ್ನ ಲೇಖನಾನೂ ಹೀಗೇ ಅಲ್ವಾ? ಜೋರಾಗಿ ಸ್ಟಾರ್ಟ್ ಆಗುತ್ತೆ, ಎಲ್ಲಿಗೂ ಹೋಗಿ ಮುಟ್ಟಲ್ಲ."

"ಗುಂಡಿಗೆ ಬಿದ್ದಾಗ ಮಾತ್ರ ನಿಲ್ಲುತ್ತೆ ಭಾವ."

"ಮೇನ್ ವೈರು ಎಲ್ಲೋ ಒಳಗೆ ಮುರಿದಿದೆ. ಒಂದೋ ಎರಡೋ ಎಳೆ ಹಿಡ್ಕೊಂಡು ನೇತಾಡ್ತಿದೆ ಅಷ್ಟೆ. ಕಾಫಿ ಕುಡಿ, ಲೋಟ ತೊಳೆಯೋದ್ರೊಳಗೆ ಕೊಡ್ತೀನಿ."

ಲೋಟ ತೊಳೆದಾಯಿತು. ಸಂಜೆಯ ಪಾತ್ರೆಯೂ ತೊಳೆದಾಯಿತು. ಬಲ್ಬು ಎಲ್ಲ ಕಡೆಯೂ ಚೆನ್ನಾಗಿಯೇ ಹೊತ್ತಿಕೊಂಡಿತು. ಪುಟ್ಟ ಬಲ್ಬು ಹೊತ್ತಲು ನೇತಾಡುವ ಒಂದೆಳೆಯೂ ಸಾಕಲ್ಲ. ಅಂಗಡಿಯಲ್ಲಿ ಗಾಡಿಯನ್ನು ಎಷ್ಟು ಕುಲುಕಿದರೂ ಅದು ಬೀಳುತ್ತಿರಲಿಲ್ಲ, ರಸ್ತೆಗೆ ಇಳಿದರೆ ಬೀಳುತ್ತಿತ್ತು. ಭಾವ ಕಣ್ಣು ಮುಚ್ಚಿ ವೈರು ಹಿಸುಕುತ್ತ ಹ್ಯಾಂಡಲ್ಲಿನಿಂದ ಹಿಂದಿನ ದೀಪದವರೆಗೆ ಹೋದರು, ತಿರುಗಿ ಬಂದರು. "ಎಲ್ಲಾ ಸರಿ ಇದೆ" ಎಂದರು. ಆ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮರುದಿನ ಹೋದಾಗ ಅವರು ನನ್ನ ಗಾಡಿಗೆ ಹೊಸ ಕಾಯಿಲ್ ಹಾಕುತ್ತಿದ್ದರು. ಅದರ ಮರುದಿನ ಕೀ ಹಾಕುವ ಸ್ವಿಚ್ಚು ಬದಲಾಯಿಸಿದರು. ಬೀದಿಯ ಪಂಕ್ಚರ್ ಅಂಗಡಿಯವನು ನನ್ನನ್ನು ಪಕ್ಕಕ್ಕೆ ಕರೆದು, "ಏನ್ ಸಾರ್, ಮೇಸ್ತ್ರಿ ಸಾಮಾನು ಬದಲಾಯಿಸ್ತಿದಾರೆ? ಮೈಗೆ ಹುಷಾರಿಲ್ವಾ?" ಎಂದು ಕೇಳಿದ, ಸಂಗೀತಗಾರರು ಅಪಸ್ವರ ಹಾಡಿದ ಸುದ್ದಿ ಕೇಳಿದವನ ಹಾಗೆ. "ಹಳೇ ಗಾಡಿ ಅಲ್ವೇನಪ್ಪಾ" ಎಂದು ನಾನು ತಪ್ಪನ್ನೆಲ್ಲ ಗಾಡಿಯ ತಲೆಗೆ ಕಟ್ಟಿದೆ.

ಹುಷಾರಿರಲಿಲ್ಲ. ಸಕ್ಕರೆ ಕಾಯಿಲೆ ಅವರಿಗೆ ಮೊದಲಿಂದಲೂ ಇತ್ತು. ಮಾತ್ರೆ ನುಂಗುವುದನ್ನು ಮರೆಯುವ ಕೆಲಸವನ್ನು ಮಾತ್ರ ಅವರು ಮರೆಯದೆ ಮಾಡುತ್ತಿದ್ದರು. ಆ ವರ್ಷ ಒಂದು ದಿನ ಪೇಟೆಯಿಂದ ಒಂದೇ ಚಪ್ಪಲಿ ಹಾಕಿಕೊಂಡು ನಡೆದು ಬಂದಿದ್ದರು. ಇನ್ನೊಂದೆಲ್ಲಿ ಎಂದು ಅಕ್ಕ ಕೇಳಿದಾಗ ಕಾಲು ನೋಡಿಕೊಂಡು ಅವರೇ ಬೆರಗಾದರು, ಮರುಗಳಿಗೆ, "ನಾಯಿ ಕಚ್ಕೊಂಡು ಹೋಯ್ತು" ಎಂದರು. "ಕಾಲಲ್ಲಿ ಇದ್ದಾಗಲೇನಾ?" ಎಂದಳು ಅಕ್ಕ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನಂತೂ ಅದನ್ನು ನಾಲ್ಕು ಜನರ ಮುಂದೆ ಹೇಳಿ ನಗಿಸಿದೆ ಕೂಡ.

ಮುಂದಿನ ಭಾನುವಾರ ನಾನು ಅಂಗಡಿಯಲ್ಲೇ ಇದ್ದೆ. ಎಂಜಿನ್ನನ್ನು ಬಹಳ ಹೊತ್ತು ಓಡಲು ಬಿಟ್ಟು, ಭಾವ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಎಂಜಿನ್ನಿನ ಬಳಿಯ ವೈರುಗಳನ್ನು ಬಲಗೈಯಲ್ಲಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಮೂಗು ಅರಳಿಸಿದರು.

"ಏನೋ ಸುಡ್ತಿದೆ ಕಣೋ. ಕೀ ಆಫ್ ಮಾಡು."

ಮಾಡಿದೆ.

"ಫ್ಯೂಸ್ ಕಿತ್ತುಹಾಕು. ಬ್ಯಾಟರಿ ವೈರೂ ಬಿಚ್ಚು, ಬೇಗ."

ಬಿಚ್ಚಿದೆ. ವಾಸನೆ ಕಡಿಮೆಯಾಗಲಿಲ್ಲ. ಭಾವ ಮುಖ ಗಾಡಿಯ ಹೊಟ್ಟೆಯೊಳಗೆ ಇಟ್ಟು ಮೂಸಿದರು. ನಾನು ಸೀಟಿನ ಕೆಳಗೆ ಮೂಸಿದೆ. ಇಬ್ಬರು ಗಂಡಸರು ಒಂದು ಗಾಡಿಯನ್ನು ಎರಡು ಕಡೆಯಿಂದ ಮೂಸುತ್ತಿರುವುದನ್ನು ಪಂಕ್ಚರ್ ಅಂಗಡಿಯವನು ಆಚೆಯಿಂದ ಕುತೂಹಲದಿಂದ ನೋಡುತ್ತಿದ್ದ. "ಕರೆಂಟೇ ಇಲ್ಲ, ಹೇಗೆ ಸುಡುತ್ತೆ?" ಎಂದು ಭಾವ ಗೊಣಗಿದರು. ಅವರ ಹಣೆಯಲ್ಲಿ ಬೆವರು ಒಡೆದಿತ್ತು. "ಇಂಥ ಫಾಲ್ಟು ನಾನು ಕಂಡೇ ಇಲ್ಲ."

ಅಷ್ಟರಲ್ಲಿ ಅಕ್ಕ ಪರದೆ ಸರಿಸಿ ಬಂದಳು. ಬಂದವಳು ಅಲ್ಲೇ ನಿಂತಳು.

"ರೀ," ಎಂದಳು. "ಕೈ."

ಭಾವ ಆಸರೆಗೆಂದು ಎಡಗೈ ಊರಿಕೊಂಡು ಕೂತಿದ್ದರು. ಊರಿದ್ದು ಸೈಲೆನ್ಸರಿನ ಕೊಳವೆಯ ಮೇಲೆ.

ಅಕ್ಕ ಕೈ ಹಿಡಿದು ಎತ್ತಿದಾಗ ಮೂರು ಬೆರಳುಗಳ ಚರ್ಮ ಕೊಳವೆಗೇ ಅಂಟಿಕೊಂಡು ಉಳಿಯಿತು. ಭಾವ ಕೂಗಲಿಲ್ಲ. ಬೇರೆ ಯಾರದೋ ಗಾಡಿಯ ಸುಟ್ಟ ಭಾಗವನ್ನು ನೋಡುವ ಹಾಗೆ ಬೆರಳುಗಳನ್ನು ಹತ್ತಿರ ಹಿಡಿದು ತಿರುಗಿಸಿ ನೋಡಿದರು. "ಓ, ಇದಾ?" ಎಂದರು ಮೆಲ್ಲಗೆ. ವಾಸನೆ ಎಲ್ಲಿಂದ ಎಂದು ಗೊತ್ತಾದದ್ದಕ್ಕೆ ಅವರ ಮುಖದಲ್ಲಿ ಒಂದು ಕ್ಷಣ ಸಮಾಧಾನವೇ ಕಂಡಿತು. ಅದನ್ನು ನೆನೆದರೆ ನನಗೆ ಇಂದಿಗೂ ತಡೆಯಲಾಗುವುದಿಲ್ಲ.

ಡಾಕ್ಟರು ಸುಟ್ಟಿದ್ದಕ್ಕೆ ಪಟ್ಟಿ ಕಟ್ಟಿದ ಮೇಲೆ, ಚೆನ್ನಾಗಿದ್ದ ಬಲಗೈಯನ್ನು ಮೇಜಿನ ಮೇಲೆ ಚಾಚಿಸಿ, ತೆಳ್ಳನೆಯ ನೈಲಾನ್ ಎಳೆಯೊಂದನ್ನು ತೆಗೆದರು.

"ಕಣ್ಣು ಮುಚ್ಚಿಕೊಳ್ಳಿ. ನಾನು ಬೆರಳು ಮುಟ್ಟಿದಾಗ 'ಈಗ' ಅಂತ ಹೇಳಿ."

ಇದು ಭಾವನ ಸ್ವಂತ ವಿದ್ಯೆ. ಕಣ್ಣು ಮುಚ್ಚಿ ಗತ್ತಿನಿಂದ ಕೂತರು. "ಈಗ" ಎಂದರು. ಸ್ವಲ್ಪ ತಡೆದು, "ಈಗ." ಮತ್ತೆ, "ಈಗ ತುದಿಗೆ ಮುಟ್ಟಿದ್ರಿ."

ನಾನೂ ಅಕ್ಕನೂ ಡಾಕ್ಟರ ಕೈಯನ್ನೇ ನೋಡುತ್ತಿದ್ದೆವು. ಎಳೆ ಇನ್ನೂ ಗಾಳಿಯಲ್ಲೇ ಇತ್ತು.

"ನಾನಿನ್ನೂ ಮುಟ್ಟೇ ಇಲ್ಲ" ಎಂದರು ಡಾಕ್ಟರು, ಬೈಯುವ ದನಿಯಲ್ಲಲ್ಲ.

ಭಾವ ಕಣ್ಣು ತೆರೆದು ತಮ್ಮ ಬೆರಳನ್ನು ನೋಡಿದರು. ಆಮೇಲೆ ಕೇಳಿದರು, "ಎಲ್ಲಿ ಕಟ್ಟಾಗಿದೆ ಸಾರ್?"

"ಒಂದು ಕಡೆ ಕಟ್ಟಾಗಿಲ್ಲ. ನರ ಪೂರ್ತಿ ಸವೆದಿದೆ. ಕಾಲಲ್ಲೂ ಹೀಗೇ ಆಗಿರುತ್ತೆ. ಹೋಗಿರೋದು ವಾಪಸ್ ಬರೋದು ಕಷ್ಟ. ಉಳಿದಿರೋದನ್ನ ಕಾಪಾಡಬೇಕು. ಇಂಥ ಗಾಯ ಇನ್ನೊಂದಾದ್ರೆ ಬೆರಳೇ ತೆಗೀಬೇಕಾಗುತ್ತೆ. ಬಿಸಿ ಕೆಲಸ, ಚೂಪಾದ ಸಾಮಾನಿನ ಕೆಲಸ ಬೇಡ."

"ನಂದು ಅದೆರಡೇ ಕೆಲಸ ಸಾರ್" ಎಂದರು ಭಾವ.

ಮನೆಗೆ ಬಂದ ಮೇಲೆ ಅಕ್ಕ ಅಂಗಡಿ ಮುಚ್ಚಿ ಎಂದಳು. ಭಾವ ಕೇಳಲಿಲ್ಲ. ಅಕ್ಕ ಬೈದಳು, ಊಟ ಬಿಟ್ಟಳು, ಬೇರೆ ಊರಲ್ಲಿದ್ದ ಮಗಳಿಂದ ಫೋನು ಮಾಡಿಸಿದಳು. ಕೊನೆಗೆ ಭಾವ ನನ್ನ ಗಾಡಿಯ ಕಡೆ ಬೆರಳು ಮಾಡಿದರು.

"ಇವನ ಗಾಡಿ ಒಂದು ನೋಡ್ತೀನಿ. ಅದರ ಫಾಲ್ಟು ನನ್ನ ಬೆರಳಿಗೆ ಸಿಕ್ಕಿದ್ರೆ ಅಂಗಡಿ ಇರುತ್ತೆ, ನೀನು ಬಾಯಿ ಮುಚ್ಕೊಂಡಿರಬೇಕು. ಸಿಗ್ಲಿಲ್ಲ ಅಂದ್ರೆ ನಾನೇ ಷಟರ್ ಎಳೀತೀನಿ. ನೀನು ಹೇಳೋದು ಬೇಡ."

"ವೈರಿಂಗ್ ಪೂರ್ತಿ ಹೊಸದು ಹಾಕಿಬಿಡಿ ಭಾವ, ಮುಗೀತಲ್ಲ" ಎಂದೆ ನಾನು.

"ತಲೆನೋವು ಅಂತ ಬಂದೋನಿಗೆ ಹೊಸ ತಲೆ ಕೂರಿಸ್ತಾರೇನೋ? ಸುಮ್ನೆ ಬಸ್ಸಲ್ಲಿ ಓಡಾಡು."

ಬಸ್ಸಿನಲ್ಲಿ ಓಡಾಡಿದೆ. ಗಾಯ ಮಾಯುವವರೆಗೂ ಗಾಡಿ ಟ್ಯಾಂಕು ಕಳಚಿಕೊಂಡು, ವೈರು ಹೊರಚೆಲ್ಲಿಕೊಂಡು ನಿಂತಿತ್ತು. ಭಾವ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಲಗೈಯಲ್ಲೇ ವೈರು ಹಿಸುಕುವರು. ಬೆರಳನ್ನು ಬಿಸಿನೀರಲ್ಲಿ ಅದ್ದಿ ನೋಡಿದರು. ಎಣ್ಣೆ ಹಚ್ಚಿ ಉಜ್ಜಿಕೊಂಡರು. ವೈರನ್ನು ತುಟಿಗೆ ಒತ್ತಿ ನೋಡುತ್ತಿದ್ದುದನ್ನು ನಾನೇ ಒಮ್ಮೆ ಕಂಡೆ. ನನ್ನನ್ನು ನೋಡಿ, ಹಲ್ಲಿನಲ್ಲಿ ಪ್ಲಾಸ್ಟಿಕ್ ಬಿಡಿಸುತ್ತಿರುವವರ ಹಾಗೆ ನಟಿಸಿದರು. ಬೇರೆ ಗಾಡಿಗಳು ಬಂದರೆ, "ಇದೊಂದು ಮುಗೀಲಿ" ಎಂದು ಹಿಂದಕ್ಕೆ ಕಳಿಸುತ್ತಿದ್ದರು.

ಒಂದು ಮಧ್ಯಾಹ್ನ ನಾನು ಹೋದಾಗ ಭಾವ ಒಳಗೆ ಮಲಗಿದ್ದರು. ಅಂಗಡಿಯಲ್ಲಿ ಗಾಡಿಯ ಪಕ್ಕ, ಅವರ ಮಣೆಯ ಮೇಲೆ ಅಕ್ಕ ಕೂತಿದ್ದಳು. ಕಣ್ಣು ಮುಚ್ಚಿದ್ದಳು. ನನ್ನ ಹೆಜ್ಜೆ ಕೇಳಿ ತೆರೆದಳು.

"ಇಲ್ಲಿ ಬಾ" ಎಂದು ಪಿಸುಗುಟ್ಟಿದಳು. "ಈ ಕೆಂಪು ವೈರು. ಮೊದಲು ಇಲ್ಲಿ ಹಿಸುಕು. ಆಮೇಲೆ ಇಲ್ಲಿ."

ಸೀಟಿನ ಕೆಳಗೆ ವೈರಿನ ಕಟ್ಟನ್ನು ತಗಡಿನ ಕೊಂಡಿಯೊಂದು ಹಿಡಿದಿತ್ತು. ಅದರಿಂದ ಸ್ವಲ್ಪ ಮುಂದೆ ಹಿಸುಕಿದೆ. ಕಾಗದ ಹಿಡಿಯುವುದಷ್ಟೇ ಗೊತ್ತಿದ್ದ ನನ್ನ ಬೆರಳಿಗೂ ತಿಳಿಯಿತು. ಅಲ್ಲಿ ವೈರು ಮೆತ್ತಗೆ ಕೂತುಬಿಟ್ಟಿತು.

"ಬೆಂದ ಬೀನ್ಸ್" ಎಂದೆ.

"ಇಷ್ಟು ವರ್ಷ ಅನ್ನದ ಜೊತೆ ಅದನ್ನೇ ಬಡಿಸಿಕೊಂಡಿದೀನಲ್ಲ" ಎಂದಳು. ನಗಲಿಲ್ಲ. "ಅವರಿಗೆ ಹೇಳಬೇಡ ಕಣೋ."

"ಯಾಕೆ? ನಿನಗೂ ಅದೇ ಬೇಕಿತ್ತಲ್ಲ, ಅಂಗಡಿ ಮುಚ್ಚೋದು? ಸಿಗದಿದ್ರೆ ಅವರೇ ಮುಚ್ತಾರೆ."

ಅಕ್ಕ ಸೆರಗಿನಿಂದ ಬೆರಳಿನ ಮಸಿ ಒರೆಸಿಕೊಂಡಳು. "ಮುಚ್ಚಲಿ ಅಂತಾನೇ ಇದ್ದೆ. ಇದು ಕೈಗೆ ಸಿಕ್ಕಿದ ಮೇಲೆ ಯಾಕೋ, ಅವರಿಗೂ ಒಂದು ಸಲ ಸಿಗಲಿ ಅನ್ನಿಸ್ತಿದೆ. ಆಮೇಲೆ ಏನಾದ್ರೂ ಆಗಲಿ."

ಭಾವ ಎದ್ದು ಬಂದರು. ಮುಖ ತೊಳೆದುಕೊಂಡು, ಕೈ ಒರೆಸಿಕೊಂಡು, ಮಣೆಯ ಮೇಲೆ ಕೂತರು. "ಏನು, ಅಕ್ಕ ತಮ್ಮ ಇಬ್ಬರೂ ಸೇರಿ ಪಿತೂರಿ?" ಎಂದರು. ಅಕ್ಕ ಪರದೆಯ ಪಕ್ಕ ನಿಂತಳು. ನಾನು ಗೋಡೆಗೆ ಒರಗಿದೆ. ಭಾವ ಕಣ್ಣು ಮುಚ್ಚಿ ಹ್ಯಾಂಡಲ್ಲಿನ ಕಡೆಯಿಂದ ಶುರುಮಾಡಿದರು.

ಕೆಂಪು ವೈರು ಅವರ ಬೆರಳುಗಳ ನಡುವೆ ನಿಧಾನವಾಗಿ ಸಾಗಿ ಬಂತು. ಟ್ಯಾಂಕಿನ ಜಾಗ ದಾಟಿತು. ಸೀಟಿನ ಕೆಳಗೆ ಬಂತು. ಬೆರಳು ಆ ಜಾಗದ ಮೇಲೆ ಬಂತು, ಹಿಸುಕಿತು, ಮುಂದೆ ಹೋಯಿತು.

ಹಿಂದಿನ ದೀಪದವರೆಗೆ ಹೋಗಿ ತಿರುಗಿ ಬಂದರು. ಮತ್ತೆ ಅದೇ ಜಾಗ, ಮತ್ತೆ ಹಿಸುಕಿ ಮುಂದೆ. ನನಗೆ ಗೋಡೆಯನ್ನು ನೋಡುವುದೇ ಸುಲಭವಾಗಿತ್ತು. ಇನ್ನೊಂದು ಸಲ ಹೋದರು. ಈ ಸಲ ಅವರ ಹೆಬ್ಬೆರಳು ಅಲ್ಲಿ ಎಷ್ಟು ಜೋರಾಗಿ ಒತ್ತಿತೆಂದರೆ ವೈರು ಎರಡಾಗಿ ಮಡಿಚಿಕೊಂಡಿತು. ಬೆರಳು ದಾಟಿ ಹೋಯಿತು.

ಆಗ ಭಾವ ಕೈ ನಿಲ್ಲಿಸಿದರು. ಕಣ್ಣು ತೆರೆದರು. ಗಾಡಿಯ ಕಡೆ ನೋಡಲಿಲ್ಲ, ಪರದೆಯ ಕಡೆ ತಿರುಗಿ ಅಕ್ಕನನ್ನು ನೋಡಿದರು. ಹಾಗೆ ನೋಡುತ್ತಲೇ ಬೆರಳನ್ನು ವೈರಿನ ಮೇಲೆ ಹಿಂದಕ್ಕೆ ತಂದರು, ಒಂದಂಗುಲ, ಇನ್ನೊಂದಂಗುಲ. ಅಕ್ಕ ಮುಖವನ್ನು ಕಲ್ಲು ಮಾಡಿಕೊಂಡು ನಿಂತಿದ್ದಳು. ಬೆರಳು ಕೊಂಡಿಯ ಹತ್ತಿರ ಬಂದಾಗ ಅವಳ ಕೈ ತಾನಾಗಿ ಪರದೆಯನ್ನು ಹಿಡಿದುಕೊಂಡಿತು. ಬೆರಳು ದಾಟಿತು, ಕೈ ಸಡಿಲವಾಯಿತು. ಭಾವ ಬೆರಳನ್ನು ಮತ್ತೆ ಈಚೆ ತಂದರು. ಪರದೆ ಮತ್ತೆ ಬಿಗಿಯಾಯಿತು.

"ಇಲ್ಲೇ ಅಲ್ವೇನೇ?" ಎಂದರು.

ಅಕ್ಕ ಪರದೆಯನ್ನು ಕೈಬಿಟ್ಟಳು.

ಭಾವ ಕಟರಿನಿಂದ ಅಲ್ಲೇ ಕತ್ತರಿಸಿದರು. ಒಳಗೆ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು. ಹೊಳೆಯುವ ಒಂದೇ ಒಂದು ಎಳೆ ಉಳಿದಿತ್ತು. ನಾನು ನನ್ನ ದಡ್ಡತನಕ್ಕೆ ತಕ್ಕಂತೆ ದನಿ ಎತ್ತಿ, "ಸಿಕ್ಕಿತಲ್ಲ ಭಾವ! ಹಾಗಾದ್ರೆ ಅಂಗಡಿ ಇರುತ್ತೆ" ಎಂದೆ.

"ಎಲ್ಲಿ ಸಿಕ್ತು?" ಎಂದರು. "ಫಾಲ್ಟು ಅವಳ ಮುಖದಲ್ಲಿ ಕಂಡೆ. ವೈರಲ್ಲಿ ನನಗೆ ಏನೂ ಸಿಗಲಿಲ್ಲ ಕಣೋ." ಆಮೇಲೆ ಅಕ್ಕನನ್ನು ಕರೆದರು. "ಬಾ, ನೀನೇ ಸೇರಿಸು. ಬೆಸುಗೆ ಕಡ್ಡಿ ಬಿಸಿ ಮಾಡು, ಹಿಡಿ ಮಾತ್ರ ಹಿಡ್ಕೋ. ನಾನು ಹೇಳ್ತೀನಿ."

ಅಕ್ಕ ಸೇರಿಸಿದಳು. ಅವರು ಪಕ್ಕದಲ್ಲಿ ಕೂತು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಇನ್ನು ಸ್ವಲ್ಪ, ಸಾಕು, ಊದಬೇಡ, ತಾನಾಗಿ ಆರಲಿ ಎಂದು ಹೇಳುತ್ತಿದ್ದರು. ಒಂದು ಸಲವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟ್ಯಾಂಕು ಕೂರಿಸಿ ಕಿಕ್ ಹೊಡೆದೆ, ಗಾಡಿ ಮೊದಲ ಒದೆಗೇ ಎದ್ದಿತು.

"ಅಕ್ಕನೂ ನೀವೂ ಸೇರಿ ನಡೆಸಬಹುದಲ್ಲ ಭಾವ, ಹೀಗೇ" ಎಂದೆ.

"ಅವಳು ಫಾಲ್ಟು ಹುಡುಕೋದು, ನಾನು ಅವಳ ಮುಖ ನೋಡ್ತಾ ಕೂರೋದು. ಮದುವೆಗೆ ಮುಂಚೆ ಅದನ್ನೇ ಮಾಡಿದ್ದಾಯ್ತಲ್ಲ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಮುಂದಿನ ಸಲ ಬಸ್‌ಸ್ಟ್ಯಾಂಡ್ ಹತ್ತಿರದವನಿಗೆ ತೋರಿಸು. ಸಾಮಾನು ಬದಲಾಯಿಸ್ತಾನೆ, ಆದ್ರೆ ಮನುಷ್ಯ ಒಳ್ಳೆಯವನು."

ನಾನು ಗಾಡಿಯನ್ನು ಹಲಗೆಯ ಮೇಲಿಂದ ಬೀದಿಗೆ ಇಳಿಸಿದೆ. ಹಿಂದೆ ಷಟರ್ ಇಳಿಯುವ ಸದ್ದು ಕೇಳಿತು. ಅದು ಅರ್ಧದಲ್ಲಿ ಸಿಕ್ಕಿಕೊಂಡಿತು, ಅಕ್ಕ ಬಂದು ಕೈ ಜೋಡಿಸಿರಬೇಕು, ಆಮೇಲೆ ಪೂರ್ತಿ ಇಳಿಯಿತು. ಬಿಸಿಲು ಇನ್ನೂ ಚೆನ್ನಾಗಿತ್ತು. ಪಂಕ್ಚರ್ ಅಂಗಡಿಯವನು ಎದ್ದು ನಿಂತು, ಮುಚ್ಚಿದ ಷಟರ್ ನೋಡಿ, ನನ್ನನ್ನು ನೋಡಿದ.

ಕಚೇರಿಯ ದಾರಿ ಹಿಡಿದೆ. ಆ ರಸ್ತೆಯ ಗುಂಡಿಗಳೆಲ್ಲ ನನಗೆ ಬಾಯಿಪಾಠ; ಇಷ್ಟು ವರ್ಷ ಅವನ್ನು ತಪ್ಪಿಸಿ ಓಡಿಸಿದವನು ನಾನು. ಆ ದಿನ ಒಂದೊಂದನ್ನೂ ಹುಡುಕಿ ಹುಡುಕಿ ಚಕ್ರ ಇಳಿಸಿದೆ. ಎಲ್ಲಾದರೂ ಒಂದು ಕಡೆ ನಿಂತರೆ ತಳ್ಳಿಕೊಂಡು ವಾಪಸ್ ಹೋಗಬಹುದಿತ್ತು, ಷಟರ್ ತಟ್ಟಿ, "ಭಾವ, ಇನ್ನೂ ಸರಿಯಾಗಿಲ್ಲ" ಎನ್ನಬಹುದಿತ್ತು. ದೊಡ್ಡ ಗುಂಡಿಯಲ್ಲಿ ನನ್ನ ಹಲ್ಲು ಕಟಕಟ ಎಂದವು, ಬುತ್ತಿಯ ಡಬ್ಬಿ ಹಾರಿ ರಸ್ತೆಗೆ ಬಿತ್ತು.

ಗಾಡಿ ನಿಲ್ಲಲಿಲ್ಲ.